ಭಗ್ನಗೋಪುರ, ಕ್ಷೇಮಸಮಾಚಾರ

ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಚಿತ್ರದ ಕಾರ್ಡುಗಳಲ್ಲಿ ವಿಶಿಷ್ಟವಾದ ಒಂದು ಬಗೆಯುಂಟು. ಒಂದೇ ಕಾರ್ಡಿನಲ್ಲಿ ಎರಡು ಚಿತ್ರ. ಎಡಕ್ಕೆ ಒಂದು ಇಗರ್ಜಿ, ಇಲ್ಲವೆ ಪುರಭವನ, ಇಲ್ಲವೆ ಪೇಟೆಯ ಬೀದಿ. ಗೋಡೆ ಗೋಪುರಗಳೆಲ್ಲ ನೆಟ್ಟಗೆ ನಿಂತಿವೆ. ಬಲಕ್ಕೆ ಅದೇ ಕಟ್ಟಡ, ಅದೇ ಬೀದಿ. ಛಾಯಾಗ್ರಾಹಕ ನಿಂತ ಜಾಗವೂ ಹೆಚ್ಚುಕಡಿಮೆ ಅದೇ. ಆದರೆ ಮಾಡು ಇಲ್ಲ, ಕಿಟಕಿಗಳಲ್ಲಿ ಆಕಾಶ ಕಾಣುತ್ತದೆ, ಬುಡದಲ್ಲಿ ಕಲ್ಲಿನ ರಾಶಿ ಬಿದ್ದಿದೆ. ಚಿತ್ರಗಳ ಅಡಿಯಲ್ಲಿ ಊರಿನ ಹೆಸರಿನೊಂದಿಗೆ ಎರಡೇ ಮಾತು: ‘ಮೊದಲು’, ‘ಆಮೇಲೆ’. ಎರಡು ಚಿತ್ರಗಳ ನಡುವೆ ಇರುವ ಬಿಳಿಯ ಗೆರೆಯ ಅಗಲ ಒಂದು ಜೋಳದ ಕಾಳಿನಷ್ಟೂ ಇಲ್ಲ. ಯುದ್ಧವೆಲ್ಲ ಆ ಗೆರೆಯೊಳಗೆ ನಡೆದುಹೋಗಿದೆ.

ನೋಡುವವನ ಕಣ್ಣು ಮೊದಲು ಹೋಗುವುದು ಬಲಗಡೆಗೆ. ಇದು ಸಹಜ, ಭಗ್ನವಾದುದಕ್ಕೆ ಒಂದು ವಿಚಿತ್ರವಾದ ಆಕರ್ಷಣೆಯಿದೆ. ಎಡಗಡೆಯ ಚಿತ್ರವನ್ನು ನಾವು ಅಳತೆಗೋಲಿನಂತೆ ಬಳಸಿಕೊಂಡು ಬದಿಗಿಡುತ್ತೇವೆ: ಎಷ್ಟಿತ್ತು, ಎಷ್ಟು ಹೋಯಿತು. ಈ ರೂಢಿ ಇಂದಿಗೂ ಅಳಿದಿಲ್ಲ. 2015ರಲ್ಲಿ ಸಿರಿಯಾದ ಪಾಲ್ಮೈರಾದಲ್ಲಿ ಪ್ರಾಚೀನ ದೇಗುಲಗಳನ್ನು ಸಿಡಿಮದ್ದಿಟ್ಟು ಉರುಳಿಸಿದಾಗ, 2022ರಲ್ಲಿ ಯುಕ್ರೇನಿನ ಮರಿಯುಪೋಲ್ ನಗರದ ನಾಟಕಶಾಲೆ ಬಾಂಬಿಗೆ ತುತ್ತಾದಾಗ, ಪತ್ರಿಕೆಗಳೂ ದೂರದರ್ಶನಗಳೂ ಜಗತ್ತಿಗೆ ತೋರಿಸಿದ್ದು ಇಂತಹ ಜೋಡಿಚಿತ್ರಗಳನ್ನೇ. ನೂರು ವರ್ಷಗಳ ಹಿಂದೆ ಕೆಲವೇ ಕಾಸಿನ ಒಂದು ಕಾರ್ಡು ರೂಢಿಮಾಡಿದ ಕಣ್ಣಿನಿಂದಲೇ ನಾವು ಈಗಲೂ ಯುದ್ಧವನ್ನು ನೋಡುತ್ತಿದ್ದೇವೆ. ಆ ಕಣ್ಣು ಏನನ್ನು ಕಾಣಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂದು ಒಂದು ಭಾನುವಾರದ ಬಿಡುವಿನಲ್ಲಿ ವಿಚಾರಿಸುವುದು ಅನುಚಿತವಾಗಲಾರದು.

ಇಪ್ಪತ್ತನೆಯ ಶತಮಾನದ ಮೊದಲ ಹದಿನಾಲ್ಕು ವರ್ಷಗಳು ಫ್ರಾನ್ಸಿನಲ್ಲಿ ಚಿತ್ರದ ಕಾರ್ಡುಗಳ ಸುಗ್ಗಿಯ ಕಾಲ. ವಿಳಾಸದ ಮಗ್ಗುಲನ್ನು ಎರಡಾಗಿ ಸೀಳಿ, ಅರ್ಧದಲ್ಲಿ ಒಕ್ಕಣೆ ಬರೆಯಬಹುದೆಂದು 1904ರ ಹೊತ್ತಿಗೆ ಅಂಚೆಯವರು ಒಪ್ಪಿದ ಮೇಲೆ ಇನ್ನೊಂದು ಮಗ್ಗುಲು ಪೂರ್ತಿಯಾಗಿ ಚಿತ್ರಕ್ಕೆ ಉಳಿಯಿತು. ದೊಡ್ಡ ಪ್ರಕಾಶನ ಸಂಸ್ಥೆಗಳು ನಗರಗಳನ್ನು ಹಿಡಿದವು. ಸಣ್ಣ ಊರುಗಳನ್ನು ಸ್ಥಳದ ಅಂಗಡಿಯವರೇ ನೋಡಿಕೊಂಡರು. ಇಗರ್ಜಿ, ಶಾಲೆ, ರೈಲುನಿಲ್ದಾಣ, ದೊಡ್ಡಬೀದಿ, ಇಷ್ಟೆಲ್ಲ ಕಾರ್ಡಿಗೆ ಏರದ ಹಳ್ಳಿ ಅಪರೂಪವೆನ್ನಬೇಕು. 1914ರ ಆಗಸ್ಟಿನಲ್ಲಿ ಯುದ್ಧ ಬಂದಾಗ ‘ಮೊದಲು’ ಎಂಬ ಚಿತ್ರ ಅಂಗಡಿಗಳಲ್ಲಿ ಆಗಲೇ ಸಿದ್ಧವಾಗಿತ್ತು; ‘ಆಮೇಲೆ’ ಎಂಬುದನ್ನು ಫಿರಂಗಿಗಳು ಒದಗಿಸಿದವು. ಸೈನಿಕರ ಪತ್ರಗಳಿಗೆ ಅಂಚೆಯ ವೆಚ್ಚವಿರಲಿಲ್ಲವಾದ್ದರಿಂದ ಬರೆಯುವವರಿಗೆ ಕೊರತೆಯಾಗಲಿಲ್ಲ. ಅನೇಕ ಕಾರ್ಡುಗಳ ಮೇಲೆ ‘ವಿಜೆ ಪಾರಿ’ ಎಂಬ ಸಣ್ಣಕ್ಷರಗಳೂ ಒಂದು ಸಂಖ್ಯೆಯೂ ಇವೆ. ಪ್ಯಾರಿಸ್ಸಿನ ಅಧಿಕಾರಿಗಳು ಪರಿಶೀಲಿಸಿ ಒಪ್ಪಿದ್ದಾರೆ ಎಂಬುದು ಅದರ ಅರ್ಥ. ಆ ಅಕ್ಷರಗಳನ್ನು ಗಮನಿಸದೆ ಚಿತ್ರವನ್ನು ನೋಡಬಾರದು. ನಮಗೆ ಕಾಣುತ್ತಿರುವುದು ಕಾಣಿಸಲು ಅಪ್ಪಣೆಯಾದ ಹಾಳು.

ಇವುಗಳಲ್ಲಿ ಎಲ್ಲರಿಗೂ ಹೆಚ್ಚು ಪರಿಚಿತವಾದದ್ದು ರೀಮ್ಸ್ ನಗರದ ಮಹಾ ಇಗರ್ಜಿ. ಫ್ರಾನ್ಸಿನ ಅರಸರಿಗೆ ಶತಮಾನಗಳ ಕಾಲ ಪಟ್ಟಾಭಿಷೇಕ ನಡೆದ ಸ್ಥಳ ಅದು. ಈಗ ನಿಂತಿರುವ ಕಟ್ಟಡದ ಕೆಲಸ ಹದಿಮೂರನೆಯ ಶತಮಾನದಲ್ಲಿ ಮೊದಲಾಯಿತು. 1914ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಜರ್ಮನ್ ಸೇನೆ ಊರನ್ನು ಹಿಡಿದು, ಕೆಲವೇ ದಿನಗಳಲ್ಲಿ ಬಿಟ್ಟು ಹಿಂದೆ ಸರಿದು, ಸುತ್ತಲ ದಿಣ್ಣೆಗಳ ಮೇಲೆ ಫಿರಂಗಿಗಳನ್ನು ಹೂಡಿತು. ಸೆಪ್ಟೆಂಬರ್ 19ರಂದು ಗುಂಡಿನ ಮಳೆಯ ನಡುವೆ, ದುರಸ್ತಿಗಾಗಿ ಉತ್ತರದ ಗೋಪುರಕ್ಕೆ ಕಟ್ಟಿದ್ದ ಮರದ ಸಾರುವೆಗೆ ಬೆಂಕಿ ಹತ್ತಿತು. ಅಲ್ಲಿಂದ ಅದು ಮಾಡಿನ ಓಕ್ ತೊಲೆಗಳಿಗೆ ಹಬ್ಬಿತು. ಮಾಡಿಗೆ ಹೊದಿಸಿದ್ದ ಸೀಸ ಕರಗಿ, ಮಳೆಯ ನೀರು ಹರಿಯುವ ಕಲ್ಲುದೋಣಿಗಳ ಮೂಲಕ ಸುರಿಯಿತು. ವಿಕಾರಮುಖದ ಅಂತಹ ಕೆಲವು ದೋಣಿಗಳು ಹೆಪ್ಪುಗಟ್ಟಿದ ಸೀಸವನ್ನು ಬಾಯ್ತುಂಬ ಕಾರುತ್ತಿರುವಂತೆಯೇ ಇಂದಿಗೂ ಇಗರ್ಜಿಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿವೆ. ಬಾಗಿಲವಾಡದಲ್ಲಿ ನಗುಮುಖದಿಂದ ನಿಂತಿದ್ದ ದೇವದೂತನ ತಲೆ ಕಳಚಿ ಕೆಳಗೆ ಬಿದ್ದು ಒಡೆಯಿತು. ಆ ತಲೆಯಿಲ್ಲದ ಮೂರ್ತಿ ಕಾರ್ಡುಗಳ ಮೂಲಕ ದೇಶದೇಶಗಳನ್ನು ಸುತ್ತಿತು. ಶತ್ರುವಿನ ಅನಾಗರಿಕತೆಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಗೋಪುರದ ಮೇಲೆ ಫ್ರೆಂಚರು ದೂರ ನೋಡುವ ಠಾಣೆಯನ್ನಿಟ್ಟಿದ್ದರೆಂದು ಜರ್ಮನರು ಸಮರ್ಥಿಸಿಕೊಂಡರು. ಫ್ರೆಂಚರು ಅದನ್ನು ಅಲ್ಲಗಳೆದರು. ವಾದ ಬಹುಕಾಲ ನಡೆಯಿತು. ಗುಂಡುಗಳೂ ಬಹುಕಾಲ ಬಿದ್ದವು.

ಆ ದಿನದ ಇನ್ನೊಂದು ಸಂಗತಿ ಈ ಕಾರ್ಡುಗಳಲ್ಲಿ ಕಾಣುವುದಿಲ್ಲ. ಇಗರ್ಜಿಯ ಒಳಗೆ ಹುಲ್ಲಿನ ಹಾಸಿನ ಮೇಲೆ ಮಲಗಿದ್ದವರು ಗಾಯಗೊಂಡ ಜರ್ಮನ್ ಸೈನಿಕರು. ಹಿಂದೆ ಸರಿದ ಸೇನೆ ಅವರನ್ನು ಬಿಟ್ಟುಹೋಗಿತ್ತು. ಮೇಲೆ ರೆಡ್‌ಕ್ರಾಸಿನ ಬಾವುಟ ಹಾರುತ್ತಿತ್ತು. ಹುಲ್ಲಿಗೆ ಕಿಡಿ ಬಿದ್ದಾಗ ಅವರಲ್ಲಿ ಕೆಲವರು ತಮ್ಮದೇ ಕಡೆಯ ಗುಂಡು ಹೊತ್ತಿಸಿದ ಬೆಂಕಿಯಲ್ಲಿ ಸತ್ತರು. ಉಳಿದವರನ್ನು ಹೊರಕ್ಕೆ ತರಲು ದುಡಿದವರಲ್ಲಿ ಆ ಇಗರ್ಜಿಯ ಫ್ರೆಂಚ್ ಪಾದ್ರಿಗಳಿದ್ದರು. ಹೊರಗೆ ನೆರೆದಿದ್ದ ಜನ ರೊಚ್ಚಿಗೆದ್ದಿದ್ದರು. ದೇವದೂತನ ತಲೆಯ ವೃತ್ತಾಂತ ಜಗತ್ತಿಗೆಲ್ಲ ಗೊತ್ತು. ಹುಲ್ಲಿನ ಮೇಲೆ ಮಲಗಿದ್ದವರ ವೃತ್ತಾಂತವನ್ನು ಹೇಳುವ ಕಾರ್ಡು ಯಾವ ದೇಶಕ್ಕೂ ಬೇಕಿರಲಿಲ್ಲ. ಜರ್ಮನರಿಗೆ ಅದು ಅವಮಾನ, ಫ್ರೆಂಚರಿಗೆ ಅಪ್ರಸ್ತುತ.

ಇಲ್ಲಿ ರೋಮಾ ರೋಲಾ ಅವರ ಹೆಸರು ನೆನಪಾಗುತ್ತದೆ. ರಾಮಕೃಷ್ಣ, ವಿವೇಕಾನಂದ, ಗಾಂಧೀಜಿಯವರ ಚರಿತ್ರಕಾರರೆಂದು ನಮ್ಮ ಓದುಗರಿಗೆ ಅವರು ಪರಿಚಿತರು. ಯುದ್ಧ ತೊಡಗಿದಾಗ ಅವರು ಸ್ವಿಟ್ಸರ್ಲೆಂಡಿನಲ್ಲಿದ್ದರು. ರೀಮ್ಸಿನ ಸುದ್ದಿ ತಿಳಿದು ‘ಪ್ರೊ ಆರಿಸ್’ ಎಂಬ ಲೇಖನವನ್ನು ಬರೆದರು. 1915ರಲ್ಲಿ ಬಂದ ಅವರ ಯುದ್ಧಕಾಲದ ಲೇಖನಸಂಗ್ರಹದಲ್ಲಿ ಅದು ಸೇರಿದೆ. ಇಂತಹ ಒಂದು ಕಟ್ಟಡ ಒಂದು ಜೀವಕ್ಕಿಂತ ಹೆಚ್ಚಿನದು, ಅದೇ ಒಂದು ಜನಾಂಗ ಎಂಬುದು ಅಲ್ಲಿನ ಇಂಗಿತ. ದ್ವೇಷಕ್ಕೆ ದನಿಗೂಡಿಸಲು ಒಪ್ಪದೆ ಸ್ವದೇಶದವರಿಂದಲೇ ದ್ರೋಹಿ ಎನಿಸಿಕೊಂಡ ಮಹಾನುಭಾವರ ಮಾತು ಇದು, ಹಗುರವಾಗಿ ತಳ್ಳಿಹಾಕುವಂತಿಲ್ಲ. ನೂರಾರು ಕಲ್ಲುಕುಟಿಗರು ತಲೆಮಾರುಗಳ ಕಾಲ ಸವೆಸಿದ ಆಯುಷ್ಯವೆಲ್ಲ ಆ ಗೋಡೆಗಳಲ್ಲಿರುವಾಗ, ಆ ಗೋಡೆ ಬಿದ್ದರೆ ಅವರೆಲ್ಲರೂ ಇನ್ನೊಮ್ಮೆ ಸತ್ತಂತೆ ಎಂದು ವಾದಿಸಬಹುದು. ಆದರೂ ಈ ಮಾತನ್ನು ಒಪ್ಪಲು ನನ್ನ ಮನಸ್ಸು ಹಿಂದೆಗೆಯುತ್ತದೆ. ಹುಲ್ಲಿನ ಮೇಲೆ ಮಲಗಿದ್ದ ಆ ಹುಡುಗರು ಅಡ್ಡ ಬರುತ್ತಾರೆ. ಕಲ್ಲಿನ ತಲೆಯ ಚೂರುಗಳನ್ನು ಆಯ್ದಿಡಲಾಯಿತು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಅದರ ಹಳೆಯ ಅಚ್ಚೊಂದು ಉಳಿದಿತ್ತು. 1926ರಲ್ಲಿ ದೇವದೂತನ ಹೆಗಲ ಮೇಲೆ ತಲೆ ಮತ್ತೆ ನಿಂತು ಮೊದಲಿನಂತೆಯೇ ನಗತೊಡಗಿತು. ಮನುಷ್ಯನಿಗೆ ಅಂತಹ ಅಚ್ಚು ಯಾವ ಸಂಗ್ರಹಾಲಯದಲ್ಲಿಯೂ ಇಲ್ಲ.

ಹಾಗಾದರೆ ಕಟ್ಟಡಗಳ ಗಾಯಕ್ಕೆ ಇಷ್ಟೊಂದು ಕಾರ್ಡುಗಳೇಕೆ? ಕಾರಣ ಸರಳವೆಂದು ನಾನು ಭಾವಿಸುತ್ತೇನೆ. ಆ ಯುದ್ಧದಲ್ಲಿ ಫ್ರಾನ್ಸ್ ಒಂದೇ ಸುಮಾರು ಹದಿನಾಲ್ಕು ಲಕ್ಷ ಸೈನಿಕರನ್ನು ಕಳೆದುಕೊಂಡಿತು. ಸ್ವಂತ ಸೈನಿಕನ ಹೆಣವನ್ನು ತೋರಿಸುವ ಕಾರ್ಡಿಗೆ ಒಪ್ಪಿಗೆಯ ಮುದ್ರೆ ಬೀಳುವಂತಿರಲಿಲ್ಲ. ಬಿದ್ದಿದ್ದರೂ ಅದನ್ನು ಕೊಂಡು ತಾಯಿಗೆ ಕಳುಹಿಸುವ ಮಗ ಎಲ್ಲಿದ್ದಾನೆ? ಕಟ್ಟಡಕ್ಕೆ ಆ ಅಡ್ಡಿಯಿಲ್ಲ. ಅದು ಗಾಯಗೊಳ್ಳಬಹುದು, ತಲೆ ಕಳೆದುಕೊಳ್ಳಬಹುದು, ಕರುಳು ಕಾಣುವಂತೆ ನಿಲ್ಲಬಹುದು. ತೋರಿಸಬಾರದ ದೇಹಗಳ ಪರವಾಗಿ ತೋರಿಸಬಹುದಾದ ದೇಹವಾಗಿ ಅದು ನಿಂತಿತು. ಎದುರುಪಕ್ಷವೂ ಇದನ್ನು ಅರಿತಿತ್ತು. ತಮ್ಮ ವಶದಲ್ಲಿದ್ದ ಫ್ರೆಂಚ್ ಊರುಗಳ ಹಾಳನ್ನು ಜರ್ಮನರೂ ಕಾರ್ಡಿಗೇರಿಸಿದರು. ಇವು ನಿಮ್ಮವರ, ನಿಮ್ಮ ಮಿತ್ರರ ಫಿರಂಗಿಗಳಿಂದಲೇ ಬಿದ್ದವು ಎಂದು ಅಡಿಬರಹ ಕೊಟ್ಟರು. ಎರಡು ಕಡೆಯ ಕಾರ್ಡುಗಳನ್ನು ಪಕ್ಕದಲ್ಲಿಟ್ಟು ಅಡಿಬರಹಗಳನ್ನು ಬೆರಳಿನಿಂದ ಮುಚ್ಚಿದರೆ ಯಾವುದು ಯಾರದೆಂದು ಹೇಳಲಾಗದು. ಮುರಿದ ಗೋಡೆಗೆ ಭಾಷೆಯಿಲ್ಲ, ಆರೋಪವೆಲ್ಲ ಅಡಿಬರಹದ್ದು.

ಎಲ್ಲ ಹಾಳೂ ಆರೋಪವಾಗಲಿಲ್ಲ. ಒಂದೆರಡು ಪುರಾಣವೂ ಆದವು. ಸೊಮ್ ನದಿಯ ಸೀಮೆಯ ಆಲ್ಬೆರ್ ಎಂಬ ಊರಿನ ಇಗರ್ಜಿಯ ಗೋಪುರದ ತುದಿಯಲ್ಲಿ ಕೂಸನ್ನು ಎತ್ತಿಹಿಡಿದ ಮರಿಯಮ್ಮನ ಹೊಂಬಣ್ಣದ ಮೂರ್ತಿಯಿತ್ತು. 1915ರ ಜನವರಿಯಲ್ಲಿ ಗುಂಡು ತಾಗಿ ಅದು ಬಾಗಿತು, ಬೀಳಲಿಲ್ಲ. ಬೀದಿಯ ಮೇಲೆ ಅಡ್ಡಲಾಗಿ, ಕೂಸನ್ನು ಕೆಳಕ್ಕೆ ನೀಡುತ್ತಿರುವಂತೆ ಮೂರು ವರ್ಷ ತೂಗಿಕೊಂಡಿತ್ತು. ಆ ಬೀದಿಯಲ್ಲಿ ನಡೆದುಹೋದ ಸಾವಿರಾರು ಬ್ರಿಟಿಷ್ ಸೈನಿಕರು ಅದರ ಕಾರ್ಡನ್ನು ಊರಿಗೆ ಕಳುಹಿಸಿದರು. ಮೂರ್ತಿ ಬಿದ್ದ ದಿನ ಯುದ್ಧ ಮುಗಿಯುತ್ತದೆಂಬ ನಂಬಿಕೆ ಕಂದಕಗಳಲ್ಲಿ ಹರಡಿತು. ಫ್ರೆಂಚ್ ಎಂಜಿನಿಯರುಗಳೇ ಅದನ್ನು ತಂತಿಯಿಂದ ಬಿಗಿದಿದ್ದರೆಂಬುದು ನಂಬಿಕೆಗೆ ಅಡ್ಡಿಯಾಗಲಿಲ್ಲ. 1918ರ ಮಾರ್ಚಿನಲ್ಲಿ ಊರು ಜರ್ಮನರ ಕೈಗೆ ಹೋಯಿತು. ಏಪ್ರಿಲಿನಲ್ಲಿ, ಗೋಪುರ ಶತ್ರುವಿಗೆ ಉಪಯೋಗವಾಗಬಾರದೆಂದು, ಬ್ರಿಟಿಷ್ ಫಿರಂಗಿಗಳೇ ಅದನ್ನು ಉರುಳಿಸಿದವು. ಯುದ್ಧ ಮುಗಿಯಲು ಆಮೇಲೂ ಏಳು ತಿಂಗಳು ಹಿಡಿಯಿತು. ಕಾರ್ಡಿನಲ್ಲಿ ಬಹು ಪುರಾತನವೆಂಬಂತೆ ತೋರುವ ಆ ಇಗರ್ಜಿಗೆ ಯುದ್ಧದ ಆರಂಭದಲ್ಲಿ ಇಪ್ಪತ್ತು ವರ್ಷವೂ ತುಂಬಿರಲಿಲ್ಲವೆಂಬುದು ನನಗೆ ಸ್ವಾರಸ್ಯವಾಗಿ ಕಂಡಿದೆ. ಹಾಳಾಗುವುದರಲ್ಲಿ ಒಂದು ಬಗೆಯ ವೃದ್ಧಾಪ್ಯವಿದೆ. ಗುಂಡು ತಾಗಿದ ಮನೆ ಒಂದೇ ದಿನಕ್ಕೆ ಪ್ರಾಚೀನವಾಗುತ್ತದೆ.

ಅಮಿಯಾಂ ನಗರದ ಮಹಾ ಇಗರ್ಜಿಯ ಕಾರ್ಡುಗಳು ಮತ್ತೊಂದು ಜಾತಿ. ಅಲ್ಲಿ ಹಾಳಿಲ್ಲ, ಹಾಳಿನ ಭಯವಿದೆ. ಬಾಗಿಲವಾಡದ ಶಿಲ್ಪಗಳಿಗೆಲ್ಲ ಮರಳು ಮೂಟೆಗಳ ಗೋಡೆ ಕಟ್ಟಿದ್ದಾರೆ. ಸಂತರೂ ಪ್ರವಾದಿಗಳೂ ಮೂಟೆಗಳ ಹಿಂದೆ ಅಡಗಿದ್ದಾರೆ. 1918ರ ವಸಂತದಲ್ಲಿ ಜರ್ಮನ್ ಸೇನೆ ಊರಿನ ಹತ್ತಿರಕ್ಕೆ ಬಂದಿತಾದರೂ ಕಟ್ಟಡ ಹೆಚ್ಚಿನ ಹಾನಿಯಿಲ್ಲದೆ ಉಳಿದುಕೊಂಡಿತು. ಅದರ ಒಳಗೆ ಸಮಾಧಿಯೊಂದರ ಮೇಲೆ ಹದಿನೇಳನೆಯ ಶತಮಾನದ ಶಿಲ್ಪಿ ನಿಕೊಲಾ ಬ್ಲಾಸ್ಸೆ ಕೆತ್ತಿದ ಅಳುವ ದೇವಶಿಶುವಿದೆ: ಕೈ ತಲೆಬುರುಡೆಯ ಮೇಲೆ, ಕೆನ್ನೆ ಕೈಯ ಮೇಲೆ. ರಜೆಯ ಮೇಲೆ ಬಂದ ಸೈನಿಕರು ಮುಗಿಬಿದ್ದು ಕೊಂಡದ್ದು ಈ ಮೂರ್ತಿಯ ಕಾರ್ಡನ್ನು. ರೀಮ್ಸಿನ ನಗುವ ದೇವದೂತನನ್ನು ಪತ್ರಿಕೆಗಳು ಆರಿಸಿದವು. ಅಮಿಯಾಂನ ಅಳುವ ಕೂಸನ್ನು ಸೈನಿಕರು ತಾವಾಗಿ ಆರಿಸಿಕೊಂಡರು. ಏನನ್ನೂ ಕಳೆದುಕೊಳ್ಳದ ಇಡಿಯಾದ ಮೂರ್ತಿ ಅದು. ಆದರೂ ಆ ಯುದ್ಧದ ವಿಷಯವಾಗಿ ಒಡೆದ ಮೂರ್ತಿಗಿಂತ ಹೆಚ್ಚನ್ನು ಹೇಳುತ್ತದೆ.

ಕಾರ್ಡನ್ನು ತಿರುಗಿಸಿ ನೋಡುವ ಅಭ್ಯಾಸ ಸಂಗ್ರಹಕಾರರಲ್ಲಿ ಕಡಿಮೆ. ಚಿತ್ರಕ್ಕೆ ಬೆಲೆ, ಒಕ್ಕಣೆಗೆ ಇಲ್ಲ. ತಿರುಗಿಸಿದರೆ ಕಾಣುವುದು ಸೀಸದಕಡ್ಡಿಯ ನಾಲ್ಕು ಸಾಲು: ನಾನು ಚೆನ್ನಾಗಿದ್ದೇನೆ, ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ, ಕಳುಹಿಸಿದ ಗಂಟು ತಲುಪಿತು, ಪತ್ರ ಬರೆಯಿರಿ. ನಮ್ಮಲ್ಲಿ ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ತೊಡಗುತ್ತಿದ್ದ ಕಾರ್ಡುಗಳಿಗೂ ಅವಕ್ಕೂ ಧಾಟಿಯಲ್ಲಿ ಭೇದವಿಲ್ಲ. ಇರುವ ಸ್ಥಳವನ್ನು ತಿಳಿಸಬಾರದೆಂಬ ಕಟ್ಟಳೆಯಿದ್ದುದರಿಂದ ಚಿತ್ರದ ಅಡಿಯ ಊರಿನ ಹೆಸರನ್ನು ಎಷ್ಟೋ ಕಾರ್ಡುಗಳಲ್ಲಿ ಕೆರೆದು ತೆಗೆದಿದ್ದಾರೆ. ಒಂದು ಮಗ್ಗುಲಲ್ಲಿ ಸುಟ್ಟ ಇಗರ್ಜಿ, ಇನ್ನೊಂದು ಮಗ್ಗುಲಲ್ಲಿ ಕ್ಷೇಮಸಮಾಚಾರ. ಇವೆರಡನ್ನೂ ಒಟ್ಟಿಗೆ ಓದಿದ ತಾಯಿ ಯಾವುದನ್ನು ನಂಬಿರಬಹುದು?

ಸಮುದ್ರದ ಆಚೆಯಿಂದ ಬಂದವರೂ ಈ ಕಾರ್ಡುಗಳಲ್ಲಿದ್ದಾರೆ. 1914ರ ಸೆಪ್ಟೆಂಬರಿನ ಕೊನೆಯಲ್ಲಿ ಭಾರತದ ಸೈನ್ಯ ಮಾರ್ಸೆಯ್ ಬಂದರಿನಲ್ಲಿ ಇಳಿದಾಗ ಫ್ರೆಂಚ್ ಛಾಯಾಗ್ರಾಹಕರು ಮುಂಡಾಸಿನವರನ್ನೆಲ್ಲ ‘ಹಿಂದೂಗಳು’ ಎಂಬ ಒಂದೇ ಅಡಿಬರಹದ ಕೆಳಗೆ ತಂದು ಮಾರಿದರು. ಅವರಲ್ಲಿ ಸಿಖ್ಖರೆಷ್ಟು, ಮುಸಲ್ಮಾನರೆಷ್ಟು ಎಂಬ ವಿಚಾರ ಅವರಿಗೆ ಬೇಕಿರಲಿಲ್ಲ. 1915ರ ಮಾರ್ಚ್ 10ರಿಂದ 13ರವರೆಗೆ ಆ ಸೈನ್ಯ ಹೋರಾಡಿದ ನವ್-ಶಪೆಲ್ ಗ್ರಾಮ ಕಲ್ಲಿನ ರಾಶಿಯಾಯಿತು. ಅಲ್ಲಿ 1927ರಲ್ಲಿ ಅನಾವರಣವಾದ ಸ್ಮಾರಕದಲ್ಲಿ ಅಶೋಕಸ್ತಂಭವನ್ನು ನೆನಪಿಗೆ ತರುವ ಕಂಬವೂ, ಸುತ್ತಲ ಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳೂ ಇವೆ. ನಮ್ಮ ಮೈಸೂರಿನ ಅಶ್ವದಳ ಹೋದದ್ದು ಈಜಿಪ್ಟ್, ಪ್ಯಾಲೆಸ್ಟೈನುಗಳ ಕಡೆಗೆ. ಅದರ ಕಥೆ ಬೇರೆ. ಫ್ರಾನ್ಸಿನಲ್ಲಿದ್ದ ಭಾರತೀಯರ ಪತ್ರಗಳನ್ನು ತೆರೆದು ಓದಿ ಕೆಲವನ್ನು ಅನುವಾದಿಸಿಡಲು ಪ್ರತ್ಯೇಕವಾದ ಕಚೇರಿಯೇ ಇತ್ತು. ಆ ಅಧಿಕಾರಿಗಳ ಶಂಕೆಯಿಂದಾಗಿಯೇ ಅವರ ದನಿ ಇಂದು ನಮಗೆ ಉಳಿದಿದೆ. ಇತಿಹಾಸಕ್ಕೆ ಉಪಕಾರ ಮಾಡುವವರು ಯಾರು ಎಂದು ಮೊದಲೇ ಹೇಳಬರುವುದಿಲ್ಲ.

ಯುದ್ಧ ಮುಗಿದ ಮೇಲೆ ಪ್ರಶ್ನೆ ಬಂತು: ಬಲಗಡೆಯ ಚಿತ್ರವನ್ನು ಮತ್ತೆ ಎಡಗಡೆಯ ಚಿತ್ರವನ್ನಾಗಿ ಮಾಡಬೇಕೆ? ರೀಮ್ಸಿನ ಇಗರ್ಜಿಯನ್ನು ಇದ್ದಂತೆಯೇ ಬಿಟ್ಟು ಯುದ್ಧದ ಸಾಕ್ಷಿಯಾಗಿಸಬೇಕೆಂದವರಿದ್ದರು. ಗಾಂಧೀಜಿಯವರಿಗೆ ಸರ್ವೋದಯದ ದಾರಿ ತೋರಿದ ರಸ್ಕಿನ್ 1849ರಷ್ಟು ಹಿಂದೆಯೇ, ಹಳೆಯ ಕಟ್ಟಡವನ್ನು ಹೊಸತಾಗಿಸುವುದು ಅದರ ಪೂರ್ಣನಾಶ, ಅದೊಂದು ಸುಳ್ಳು ಎಂದು ಸಾರಿದ್ದರು. ತತ್ತ್ವವಾಗಿ ಇದು ಉದಾತ್ತವಾಗಿದೆ. ಆದರೆ ಮಾಡಿಲ್ಲದ ಊರಿಗೆ ಮರಳಿ ಬಂದವನ ಮುಂದೆ ಹೇಳುವ ಮಾತಲ್ಲ. ನಮ್ಮಲ್ಲಿ ಜೀರ್ಣೋದ್ಧಾರವೆಂಬ ಮಾತಿದೆ. ಅದರಲ್ಲಿ ಸುಳ್ಳಿನ ಸೋಂಕಿಲ್ಲ, ಪುಣ್ಯದ ಎಣಿಕೆಯಿದೆ. ಫ್ರೆಂಚರೂ ಕಡೆಗೆ ಅದೇ ದಾರಿ ಹಿಡಿದರು. ವಾಸ್ತುಶಿಲ್ಪಿ ಆನ್ರಿ ದನ್ಯೂ ರೀಮ್ಸಿನ ಸುಟ್ಟ ತೊಲೆಗಳ ಸ್ಥಾನದಲ್ಲಿ ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಸಣ್ಣ ಸಣ್ಣ ತುಂಡುಗಳನ್ನು ಮರಗೆಲಸದ ರೀತಿಯಲ್ಲಿ ಜೋಡಿಸಿ ಮಾಡನ್ನು ಎತ್ತಿದರು. ಅಮೆರಿಕದ ರಾಕ್‌ಫೆಲ್ಲರ್ ಧನ ಕೊಟ್ಟರು. 1938ರಲ್ಲಿ ಕಟ್ಟಡ ಪೂರ್ಣವಾಗಿ ತೆರೆಯಿತು. ಅರಾಸ್ ನಗರದ ಗಂಟೆಗೋಪುರ 1914ರ ಅಕ್ಟೋಬರಿನಲ್ಲಿ ಬಿದ್ದಿತ್ತು. 1932ರಲ್ಲಿ ಅದು ಹಳೆಯ ರೂಪದಲ್ಲಿಯೇ ಮತ್ತೆ ನಿಂತಿತು. ಆಲ್ಬೆರಿನ ಇಗರ್ಜಿಯನ್ನು ತಂದೆ ಕಟ್ಟಿದ್ದ; ಮಗ ಲೂಯಿ ದ್ಯುತ್ವಾ ಅದೇ ನಕ್ಷೆಯಂತೆ ಅದನ್ನು ಮತ್ತೆ ಕಟ್ಟಿದ. 1962ರ ಜುಲೈ 8ರಂದು ರೀಮ್ಸಿನ ಆ ಮಾಡಿನ ಕೆಳಗೆ ದಗಾಲ್ ಮತ್ತು ಜರ್ಮನಿಯ ಆಡನೌರ್ ಒಟ್ಟಿಗೆ ಪ್ರಾರ್ಥನೆಯಲ್ಲಿ ನಿಂತರು. 2011ರಲ್ಲಿ ಅದರ ಕೆಲವು ಕಿಟಕಿಗಳಿಗೆ ಬಣ್ಣದ ಗಾಜನ್ನು ರಚಿಸಿಕೊಟ್ಟವರು ಇಮಿ ಕ್ನೋಬೆಲ್ ಎಂಬ ಜರ್ಮನ್ ಕಲಾವಿದರು.

ಮತ್ತೆ ಎದ್ದ ಕಟ್ಟಡಗಳಿಗೆ ಹೊಸ ಕಾರ್ಡುಗಳೂ ಬಂದವು. ಅವು ಎಡಗಡೆಯ ಚಿತ್ರಗಳಂತೆಯೇ ಕಾಣುತ್ತವೆ. ಒಂದೇ ಅಂತರ. ಯುದ್ಧಕ್ಕೆ ಮುಂಚಿನ ಹಳ್ಳಿಯ ಕಾರ್ಡುಗಳಲ್ಲಿ ಬೀದಿಯ ತುಂಬ ಜನ. ಛಾಯಾಗ್ರಾಹಕ ಬಂದು ಮುಕ್ಕಾಲಿ ಹೂಡಿದನೆಂದರೆ ಶಾಲೆಯ ಮಕ್ಕಳು, ಏಪ್ರನ್ ಕಟ್ಟಿದ ಹೆಂಗಸರು, ಅಂಗಡಿಯವನು, ಬಂಡಿಯವನು ಎಲ್ಲರೂ ಹೊರಗೆ ಬಂದು ಸಾಲುಗಟ್ಟಿ ಅವನತ್ತ ನೋಡುತ್ತ ನಿಲ್ಲುತ್ತಿದ್ದರು. ಕಾರ್ಡಿನ ಮೇಲೆ ಹೆಸರು ಇಗರ್ಜಿಯದು, ಬೀದಿಯದು, ಚಿತ್ರದಲ್ಲ್ಲಿರುವವರು ಅವರು. ಬಲಗಡೆಯ ಚಿತ್ರದಲ್ಲಿ ಅವರಿಲ್ಲ. ಇದ್ದರೆ ಒಬ್ಬಿಬ್ಬರು ಸೈನಿಕರು, ರಾಶಿಯ ಎತ್ತರ ಎಷ್ಟೆಂದು ತೋರಿಸಲು.

ವರ್ಡನ್ನಿನ ಬಳಿಯ ಫ್ಲೂರಿ ಎಂಬ ಹಳ್ಳಿಗೆ ಈ ಎರಡನೆಯ ಚಿತ್ರವೂ ದಕ್ಕಲಿಲ್ಲವೆನ್ನಬಹುದು. ಸುಮಾರು 400 ಜನರಿದ್ದ ಊರು. 1916ರಲ್ಲಿ ಅದು ಹದಿನಾರು ಸಲ ಕೈ ಬದಲಾಯಿಸಿತೆಂದು ಹೇಳುತ್ತಾರೆ. ಕೊನೆಗೆ ತೋರಿಸಲು ಒಂದು ಗೋಡೆಯೂ ಉಳಿಯಲಿಲ್ಲ. ಸಿಡಿಯದ ಗುಂಡುಗಳು ಹುದುಗಿದ ಆ ನೆಲದಲ್ಲಿ ಮತ್ತೆ ಕಟ್ಟಲು ಅವಕಾಶವಾಗಲಿಲ್ಲ. ಊರಿನ ಹೆಸರನ್ನು ಸರ್ಕಾರ ಅಳಿಸಿಲ್ಲ. ಅದಕ್ಕೆ ಇಂದಿಗೂ ಒಬ್ಬ ಮೇಯರ್ ಇದ್ದಾರೆ, ನಿವಾಸಿಗಳಿಲ್ಲ. ಹಳ್ಳಕೊಳ್ಳವಾದ ನೆಲದ ಮೇಲೆ ಈಗ ಹುಲ್ಲೂ ಮರಗಳೂ ಬೆಳೆದಿವೆ. ಅವುಗಳ ನಡುವೆ ಕಾಲುದಾರಿಗಳಿವೆ. ದಾರಿಯ ಬದಿಯಲ್ಲಿ ಅಲ್ಲಲ್ಲಿ ಗುರುತುಗಳನ್ನು ನೆಟ್ಟಿದ್ದಾರೆ. ಇಲ್ಲಿ ಶಾಲೆಯಿತ್ತು, ಇಲ್ಲಿ ರೊಟ್ಟಿ ಸುಡುವವನ ಅಂಗಡಿ, ಇಲ್ಲಿ ಒಬ್ಬ ರೈತನ ಮನೆ.